ಹೆಣ್ಣುಮಕ್ಕಳಿಗೆ ಹುಳುವಿನ ಪಾಠವೇತಕ್ಕೆ?

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶ, ಕಟ್ಟಡದ ಕೆಲಸ, ಆಟಪಾಟಗಳ ಬಹುಮಾನ ಇವುಗಳ ವಿಷಯವಾಗಿ ನಾಲ್ಕು ಮಾತು ಬರೆಯುವುದು ವಾಡಿಕೆ. ಆ ಸಂಗತಿಗಳೆಲ್ಲ ಶಾಲೆಯ ವರದಿಯಲ್ಲಿಯೇ ಇರುವುದರಿಂದ ನಾನು ಈ ಪುಟಗಳಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಬಯಸುತ್ತೇನೆ. ಆ ಪ್ರಶ್ನೆಯನ್ನು ಕೇಳಿದವರು ತಾವೇ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, “ನಮ್ಮ ಹೊಲದಾಗ ಬೇಕಾದಷ್ಟು ಹುಳ ಅದಾವ್ರಿ, ಅವನ್ನ ನೋಡಾಕ ಮಗಳನ್ನ ಸಾಲಿಗೆ ಯಾಕ ಕಳಸಬೇಕು?” ಎಂದರು. ಸಭೆಯು ನಕ್ಕಿತು; ಆದರೆ ಪ್ರಶ್ನೆಯು ನಗುವಂಥದಲ್ಲ. ಅದಕ್ಕೆ ಉತ್ತರ ಕೊಡಲಾರದ ಶಾಲೆಗೆ ಆ ಪಾಠವನ್ನು ನಡೆಸುವ ಹಕ್ಕೂ ಇಲ್ಲ.

ಮೊದಲು ನಡೆಯುವುದೇನೆಂಬುದನ್ನು ತಿಳಿಸುತ್ತೇನೆ. ಮುಂಗಾರು ಹಿಡಿದಂದಿನಿಂದ ದೀಪಾವಳಿಯವರೆಗೆ, ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಹುಡುಗಿಯರು ವಾರಕ್ಕೆ ಒಂದು ತಾಸು ಶಾಲೆಯ ಕೈತೋಟದಲ್ಲಿ ಎರೆಹುಳುಗಳನ್ನು ಕುರಿತು ಅಭ್ಯಾಸ ಮಾಡುವರು. ಅವರಿಗೆ ಬೇಕಾದ ಸಾಮಾನುಗಳು ಒಂದು ತಗಡಿನ ತಟ್ಟೆ, ಉಪ್ಪಿನಕಾಯಿಯ ಎರಡು ಖಾಲಿ ಗಾಜಿನ ಭರಣಿಗಳು, ಕರಿಯ ಕಾಗದ, ಅಳತೆಪಟ್ಟಿ, ಒಂದು ನೋಟುಪುಸ್ತಕ. ಹುಳುವನ್ನು ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಕೆಲಸ ಮುಗಿದೊಡನೆ ಎಲ್ಲಿಂದ ತಂದರೋ ಅಲ್ಲಿಗೇ ತೇವದ ಮಣ್ಣಿನಲ್ಲಿ ಬಿಡುವುದು ಕಟ್ಟಳೆ. ಉಪಾಧ್ಯಾಯಿನಿಯರಿಗೂ ಒಂದು ಕಟ್ಟಳೆಯುಂಟು: ಮಗುವು ತಾನೇ ನೋಡಿ ತಿಳಿಯಬಹುದಾದುದನ್ನು ತಾವು ಮೊದಲು ಹೇಳಿಬಿಡಬಾರದು. ಈ ಎರಡನೆಯ ಕಟ್ಟಳೆಯನ್ನು ಪಾಲಿಸುವುದು ಮೊದಲನೆಯದಕ್ಕಿಂತ ಬಹು ಕಷ್ಟ.

ವಿಜ್ಞಾನವೆಂದರೆ ಸಂಗತಿಗಳ ಪಟ್ಟಿ ಎಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. “ಎರೆಹುಳುವು ರೈತನ ಮಿತ್ರ” ಎಂಬ ವಾಕ್ಯವನ್ನು ನಾಡಿನ ಯಾವ ಶಾಲೆಯ ಯಾವ ಮಗುವಿನ ಬಾಯಿಂದಲಾದರೂ ಕೇಳಬಹುದು. ವಾಕ್ಯವು ಸರಿಯಾದುದೇ, ಬರೆದರೆ ಅಂಕವೂ ದೊರೆಯುವುದು. ಆದರೆ “ಮಿತ್ರನೆಂದು ಹೇಗೆ ಗೊತ್ತಾಯಿತು?” ಎಂದು ಕೇಳಿ ನೋಡಿ, ಮಗುವು “ಪುಸ್ತಕದಲ್ಲಿದೆ” ಎನ್ನುವುದು. ಪುಸ್ತಕದವರಿಗೆ ಹೇಗೆ ಗೊತ್ತಾಯಿತು ಎಂದರೆ ಸುಮ್ಮನಾಗುವುದು. ಆ ಸುಮ್ಮನಾದ ಕಡೆಯಲ್ಲಿಯೇ ವಿಜ್ಞಾನವು ಆರಂಭವಾಗಬೇಕು. ನೋಡುವುದು, ಪ್ರಶ್ನೆ ಕೇಳುವುದು, ಒಂದು ಊಹೆ ಮಾಡುವುದು, ಊಹೆಯನ್ನು ಪರೀಕ್ಷಿಸುವ ದಾರಿ ಹುಡುಕುವುದು, ಎಣಿಸಿ ಬರೆಯುವುದು, ಬಂದ ಫಲವನ್ನು ಮತ್ತೆ ಸಂಶಯದಿಂದ ನೋಡುವುದು: ಇದಿಷ್ಟೇ ಅದರ ಹಾದಿ. ಈ ಹಾದಿಯನ್ನು ಬಾಯಿಪಾಠ ಮಾಡಿಸಲು ಬರುವುದಿಲ್ಲ. ಈಜು ಕಲಿಯುವವಳು ನೀರಿಗಿಳಿಯಬೇಕಾದಂತೆ ನಡೆದೇ ಕಲಿಯಬೇಕು.

ಅದಕ್ಕೆ ಹುಳುವೇ ಏಕೆ ಎಂದು ಕೇಳಬಹುದು. ಹುಳುವು ಬಡವರ ಹಿತ್ತಲಲ್ಲಿಯೂ ಸಿಕ್ಕುವುದು, ಬೆಲೆಯಿಲ್ಲ. ಕಚ್ಚುವುದಿಲ್ಲ, ಹಾರುವುದಿಲ್ಲ, ನೋಡುವವಳಿಗೆ ಸಾವಧಾನವನ್ನು ಕೊಡುವುದು. ಇನ್ನೊಂದು ಕಾರಣವು ಮುಖ್ಯವಾದುದು. ಹುಳುವಿನ ಮುಂದೆ ಜಾಣೆಯೂ ದಡ್ಡಿಯೂ ಒಂದೇ. ಇಂಗ್ಲಿಷು ಬಾರದ ಹುಡುಗಿಯೂ, ತಾಯಿಯೊಡನೆ ಕಳೆ ತೆಗೆದು ಬಂದ ಹುಡುಗಿಯೂ ಈ ಪಾಠದಲ್ಲಿ ಹಿಂದೆ ಬೀಳುವುದಿಲ್ಲ. ಮಣ್ಣಿನ ಪರಿಚಯವುಳ್ಳ ಕಣ್ಣು ಮೊದಲು ಕಾಣುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.

ಮೊದಲನೆಯ ಪಾಠವು ಮಾತಿನ ಪಾಠವೇ ಆಗಿದೆ. ನಮ್ಮ ಭಾಷೆಯಲ್ಲಿ ಹುಳು ಎಂಬ ಹೆಸರು ಬಹು ಉದಾರವಾದುದು. ಎರೆಹುಳು, ರೇಷ್ಮೆಹುಳು, ಕಂಬಳಿಹುಳು, ಮಿಂಚುಹುಳು, ತೊಗರಿಯ ಕಾಯಿ ಕೊರೆಯುವ ಹುಳು, ಹೊಟ್ಟೆಯ ಜಂತುಹುಳು, ಮೃಗಶಿರೆಯ ಮಳೆ ಬಿದ್ದೊಡನೆ ನಮ್ಮ ಹೊಲಗಳಲ್ಲಿ ಕೆಂಪು ಮಖಮಲ್ಲಿನ ಗುಂಡಿಯಂತೆ ಹರಿದಾಡುವ ಮಿರಗದ ಹುಳು ಇವೆಲ್ಲವೂ ನಮಗೆ ಹುಳುಗಳೇ. ಇವುಗಳ ಪಟ್ಟಿ ಮಾಡಿ, ಕಾಲುಗಳೆಷ್ಟು, ಮೈಮೇಲೆ ಉಂಗುರಗಳಿವೆಯೇ, ದೊಡ್ಡದಾದ ಮೇಲೆ ರೂಪ ಬದಲಾಗುವುದೇ ಎಂದು ಮೂರು ಕಲಮುಗಳಲ್ಲಿ ತುಂಬಿಸಿರೆಂದು ಹೇಳುತ್ತೇವೆ. ಮಿರಗದ ಹುಳುವಿಗೆ ಎಂಟು ಕಾಲುಗಳೆಂದು ಕಂಡಾಗ ಅದು ಜೇಡನ ನಂಟಿನದೆಂದು ಗೊತ್ತಾಗುವುದು. ರೇಷ್ಮೆಹುಳುವೂ ಕಾಯಿಕೊರಕವೂ ಪತಂಗದ ಮರಿಗಳೆಂದು ತಿಳಿಯುವುದು. ಮಿಂಚುಹುಳುವು ಒಂದು ಬಗೆಯ ದುಂಬಿ. ಕೊನೆಗೆ ಕಾಲಿಲ್ಲದೆ, ರೂಪ ಬದಲಾಯಿಸದೆ, ಜೀವಮಾನವೆಲ್ಲ ಹುಳುವಾಗಿಯೇ ಉಳಿಯುವವು ಎರೆಹುಳುವೂ ಜಂತುಹುಳುವೂ ಮಾತ್ರ. ಅವುಗಳಲ್ಲಿಯೂ ಉಂಗುರವುಳ್ಳದು ಬೇರೆ, ನುಣುಪಾಗಿರುವುದು ಬೇರೆ. ಹೆಸರೊಂದೇ ಆದರೂ ವಸ್ತು ಬೇರೆಯಾಗಿರಬಹುದೆಂಬ ಈ ತಿಳಿವಳಿಕೆಯು ವಿಜ್ಞಾನದ ಮೊದಲ ಮೆಟ್ಟಲು.

ಎರಡನೆಯದು ನೋಟದ ಪಾಠ. ತಟ್ಟೆಯಲ್ಲಿ ಒಂದು ಎರೆಹುಳುವನ್ನಿಟ್ಟು, ಕಂಡುದನ್ನಲ್ಲದೆ ಬೇರೇನನ್ನೂ ಬರೆಯಬಾರದೆಂದು ಹೇಳುತ್ತೇವೆ. ಮೊದಲ ದಿನ ಹುಡುಗಿಯರು “ಅಸಹ್ಯವಾಗಿದೆ” ಎಂದು ಬರೆಯುವರು. ಅದು ಹುಳುವಿನ ವಿಷಯವೋ ನಿನ್ನ ವಿಷಯವೋ ಎಂದು ಕೇಳಿದರೆ ನಾಚಿ ಅಳಿಸುವರು. ಆಮೇಲೆ ಉಂಗುರಗಳನ್ನು ಎಣಿಸತೊಡಗುವರು. ನೂರನ್ನು ಮೀರಿದಾಗ ಬೆರಗಾಗುವರು. ಮುಂಭಾಗದ ಹತ್ತಿರ ಬೇರೆ ಬಣ್ಣದ ಪಟ್ಟಿಯೊಂದನ್ನು ಕಾಣುವರು. ಒಣ ಕಾಗದದ ಮೇಲೆ ಹರಿಯಬಿಟ್ಟು ಕಿವಿಯನ್ನು ಹತ್ತಿರ ತಂದರೆ ಸಣ್ಣಗೆ ಗೀರುವ ಸದ್ದು ಕೇಳಿಸುವುದು. ನುಣುಪಾಗಿ ಕಾಣುವ ಮೈಯಿಂದ ಗೀರುವ ಸದ್ದು ಹೇಗೆ ಬಂದಿತು? ಬೆರಳನ್ನು ಬಾಲದಿಂದ ತಲೆಯ ಕಡೆಗೆ ಮೆಲ್ಲನೆ ಎಳೆದು ನೋಡಿದವಳಿಗೆ ಅತಿ ಸಣ್ಣ ಬಿರುಗೂದಲುಗಳು ತಾಗುವುವು. ಇದನ್ನು ಯಾರೂ ಹೇಳಿಕೊಡಲಿಲ್ಲ, ಅವಳೇ ಕಂಡುಕೊಂಡಳು. ಆ ಕ್ಷಣದಲ್ಲಿ ಆ ಮುಖದಲ್ಲಿ ಕಾಣುವ ಬೆಳಕನ್ನು ಯಾವ ಅಂಕಪಟ್ಟಿಯೂ ತೋರಿಸಲಾರದು.

ಮೂರನೆಯದು ಪ್ರಯೋಗ. ಹುಳುವು ಬೆಳಕನ್ನು ಬಯಸುವುದೋ ಕತ್ತಲೆಯನ್ನೋ? ಎಲ್ಲರ ಊಹೆಯೂ ಕತ್ತಲೆಯೆಂದೇ. ಹಾಗಾದರೆ ತೋರಿಸಿರೆನ್ನುತ್ತೇವೆ. ತಟ್ಟೆಯ ಅರ್ಧಕ್ಕೆ ಕರಿಯ ಕಾಗದ ಮುಚ್ಚಿ, ನಡುವೆ ಹತ್ತು ಹುಳುಗಳನ್ನು ಬಿಟ್ಟು, ಹತ್ತು ನಿಮಿಷದ ಮೇಲೆ ಎಣಿಸಬೇಕು. ಏಳು ಕತ್ತಲೆಗೆ ಹೋದವು, ಮೂರು ಹೋಗಲಿಲ್ಲ ಎಂದಿಟ್ಟುಕೊಳ್ಳಿ. ಇಲ್ಲಿ ಎರಡು ಪ್ರಲೋಭನೆಗಳು ಬರುವುವು. ಒಂದು, ಆ ಮೂರನ್ನು ಬೆರಳಿನಿಂದ ತಳ್ಳಿ ಹತ್ತು ಎಂದು ಬರೆಯುವುದು. ಇನ್ನೊಂದು, ಏಳು ಸಾಕಲ್ಲವೇ ಎಂದು ಪುಸ್ತಕ ಮುಚ್ಚುವುದು. ಮೊದಲನೆಯದು ಸುಳ್ಳು, ಎರಡನೆಯದು ಸೋಮಾರಿತನ. ಇವೆರಡನ್ನೂ ಗೆಲ್ಲುವುದನ್ನು ಕಲಿಯದೆ ವಿಜ್ಞಾನದ ಪದವಿ ಪಡೆದವರು ಲೋಕದಲ್ಲಿ ಕೆಲವರುಂಟು.

ಕರಿಯ ಕಾಗದದ ಕೆಳಗೆ ಕತ್ತಲೆಯಷ್ಟೇ ಅಲ್ಲ, ತಂಪೂ ಇದೆ, ತೇವವೂ ಹೆಚ್ಚು ಹೊತ್ತು ನಿಲ್ಲುವುದು. ಹುಳುವು ಹೋದದ್ದು ಕತ್ತಲೆಗೋ ತಂಪಿಗೋ ತೇವಕ್ಕೋ? ಈ ಸಂಶಯವು ಯಾವಳಾದರೊಬ್ಬ ಹುಡುಗಿಯ ಬಾಯಿಂದ ಬರುವವರೆಗೆ ಉಪಾಧ್ಯಾಯಿನಿಯು ಕಾಯುತ್ತಾಳೆ. ಬಂದ ಮೇಲೆ ತರಗತಿಯೇ ದಾರಿ ಹುಡುಕುವುದು: ತಟ್ಟೆಯನ್ನು ನೆರಳಿನಲ್ಲಿಡೋಣ, ಎರಡು ಕಡೆಗೂ ಒಂದೇ ಅಳತೆಯ ನೀರು ಚಿಮುಕಿಸೋಣ, ಒಂದು ಕಡೆ ಕರಿಯ ಕಾಗದ, ಇನ್ನೊಂದು ಕಡೆ ಬೆಳಕು ಬಿಡುವ ತೆಳು ಹಾಳೆ ಮುಚ್ಚೋಣ, ಮುಂದಿನ ಸರತಿಗೆ ಕಡೆಗಳನ್ನು ಅದಲುಬದಲು ಮಾಡೋಣ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ಉಳಿದುದೆಲ್ಲವನ್ನೂ ಸಮನಾಗಿಡಬೇಕೆಂಬ ನಿಯಮವನ್ನು ಅವರು ಹೀಗೆ ತಾವೇ ಕಟ್ಟಿಕೊಳ್ಳುವರು. ಗಾಜಿನ ಎರಡು ಭರಣಿಗಳ ಕೆಲಸವೂ ಇದೇ. ಎರಡರಲ್ಲಿಯೂ ಕರಿಮಣ್ಣು, ಮರಳು, ಕರಿಮಣ್ಣು ಎಂದು ಒಂದರ ಮೇಲೊಂದು ಪದರ ಹಾಸಿ, ಮೇಲೆ ತೊಗರಿಯ ಒಣ ಎಲೆಗಳನ್ನು ಹರಡಿ, ಒಂದೇ ಅಳತೆಯ ನೀರು ಹಾಕುವುದು. ಒಂದರಲ್ಲಿ ಹುಳುಗಳನ್ನು ಬಿಡುವುದು, ಇನ್ನೊಂದರಲ್ಲಿ ಬಿಡದಿರುವುದು. ತಿಂಗಳು ಕಳೆದ ಮೇಲೆ ಹುಳುವಿನ ಭರಣಿಯಲ್ಲಿ ಪದರಗಳು ಕಲೆತು, ಎಲೆಗಳು ಒಳಗೆ ಎಳೆಯಲ್ಪಟ್ಟಿರುವುವು. ಹುಳುವಿಲ್ಲದ ಭರಣಿಯನ್ನು ಪಕ್ಕದಲ್ಲಿಡದಿದ್ದರೆ ಅದು ಹುಳುವಿನ ಕೆಲಸವೋ ನೀರಿನ ಕೆಲಸವೋ ಎಂದು ಹೇಳುವವರಾರು?

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕೆಂಬುದು ನಮ್ಮ ಮನೆಗಳ ಮಾತು. ಹಾಗಾದರೆ ಒಂದು ಹುಳುವು ಏಕೆ ಸಾಲದು? ಈ ಪ್ರಶ್ನೆಯನ್ನು ನಾನು ಪ್ರತಿ ವರ್ಷವೂ ಕೇಳುತ್ತೇನೆ. ಒಂದು ಗಡಿಗೆಯ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಕುದಿದುದು. ಹುಳುಗಳಾದರೋ ಒಂದೊಂದೂ ಬೇರೆ ಬೇರೆ ಜೀವ ಎಂಬ ಉತ್ತರವನ್ನು ಹುಡುಗಿಯರು ಹುಡುಕಿ ತರುವರು. ಅಡಿಗೆಮನೆಯಲ್ಲಿ ತಾಯಿಯು ದಿನವೂ ಮಾಡುವ ಪರೀಕ್ಷೆಗೂ ವಿಜ್ಞಾನಿಯು ಮಾಡುವ ಪರೀಕ್ಷೆಗೂ ನಂಟುಂಟೆಂದು ತಿಳಿದ ಮಗಳು ತಾಯಿಯ ವಿದ್ಯೆಯನ್ನು ಹಗುರವಾಗಿ ಕಾಣುವುದಿಲ್ಲ.

ಇದು ಮಕ್ಕಳಾಟವೆಂದು ತೋರಿದರೆ, ಹುಳುವಿನ ಮುಂದೆ ಕುಳಿತ ಹಿರಿಯರನ್ನು ನೆನೆಯಬೇಕು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟರು 1777ರಲ್ಲಿಯೇ ಒಂದು ಪತ್ರದಲ್ಲಿ, ಅಲ್ಪವೆಂದು ಕಾಣುವ ಎರೆಹುಳುವಿಲ್ಲದೆ ಭೂಮಿಯು ಗಟ್ಟಿಯಾಗಿ ಸಾರಗೆಡುವುದೆಂಬ ಅಭಿಪ್ರಾಯವನ್ನು ತಿಳಿಸಿದ್ದರು. ಚಾರ್ಲ್ಸ್ ಡಾರ್ವಿನ್ನರು 1837ರಲ್ಲಿ ಈ ವಿಷಯವಾಗಿ ಮೊದಲ ಲೇಖನವನ್ನು ಓದಿದರು. ಹುಳುವಿನ ಮೇಲಿನ ತಮ್ಮ ಪುಸ್ತಕವನ್ನು 1881ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಪ್ರಕಟಿಸಿದರು. ನಡುವೆ ನಾಲ್ವತ್ತನಾಲ್ಕು ವರ್ಷಗಳು! 1842ರಲ್ಲಿ ತಮ್ಮ ಮನೆಯ ಹತ್ತಿರದ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, ಇಪ್ಪತ್ತೊಂಬತ್ತು ವರ್ಷ ಕಾದು, 1871ರಲ್ಲಿ ಅಗೆಸಿ ನೋಡಿದರು. ಸುಣ್ಣದ ಪದರವು ಏಳು ಅಂಗುಲ ಕೆಳಗೆ ಸಿಕ್ಕಿತು. ಅಷ್ಟು ಮಣ್ಣನ್ನು ಹುಳುಗಳು ಮೇಲಕ್ಕೆ ತಂದು ಹಾಕಿದ್ದುವು. ಹುಳುಗಳಿಗೆ ಕಿವಿಯುಂಟೇ ಎಂದು ತಿಳಿಯಲು ಅವುಗಳ ಮುಂದೆ ಸೀಟಿ ಊದಿಸಿದರು, ವಾದ್ಯ ನುಡಿಸಿದರು, ಕೂಗಿ ನೋಡಿದರು, ಹುಳುಗಳು ಲಕ್ಷಿಸಲಿಲ್ಲ. ಆದರೆ ಕುಂಡವನ್ನು ಪಿಯಾನೋ ಪೆಟ್ಟಿಗೆಯ ಮೇಲಿಟ್ಟು ಒಂದು ಸ್ವರ ಬಾರಿಸಿದೊಡನೆ ಬಿಲದೊಳಗೆ ಸರಿದುವು. ಕೇಳುವುದು ಬೇರೆ, ಅದುರನ್ನು ಅರಿಯುವುದು ಬೇರೆ ಎಂದು ಹೀಗೆ ಗೊತ್ತಾಯಿತು. ಹುಳುವು ಎಲೆಯನ್ನು ಯಾವ ತುದಿಯಿಂದ ಹಿಡಿದೆಳೆಯುವುದೆಂದು ನೋಡಲು ಕಾಗದವನ್ನು ತ್ರಿಕೋನವಾಗಿ ಕತ್ತರಿಸಿಟ್ಟರು. ಎಣಿಸಿದ 303 ತ್ರಿಕೋನಗಳಲ್ಲಿ ನೂರಕ್ಕೆ 62ನ್ನು ಚೂಪು ತುದಿಯಿಂದಲೇ ಎಳೆದುಕೊಂಡಿದ್ದುವು. ನೂರಕ್ಕೆ ನೂರು ಎಂದು ಅವರು ಬರೆಯಲಿಲ್ಲವೆಂಬುದನ್ನು ನಮ್ಮ ಹುಡುಗಿಯರಿಗೆ ಒತ್ತಿ ಹೇಳುತ್ತೇನೆ.

ನಮ್ಮ ದೇಶದವರೂ ಹಿಂದೆ ಬೀಳಲಿಲ್ಲ. ಲಕ್ನೋ ವಿಶ್ವವಿದ್ಯಾಲಯದ ಕರ್ಮ ನಾರಾಯಣ ಬಾಹಲರು ಭಾರತದ ಎರೆಹುಳುವಿನ ಅಂಗರಚನೆಯನ್ನು ಕುರಿತು 1926ರಲ್ಲಿ ಬರೆದ ಗ್ರಂಥದಿಂದ ಕಾಲೇಜು ವಿದ್ಯಾರ್ಥಿಗಳ ತಲೆಮಾರುಗಳೇ ಕಲಿತಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಎಂಬ ಮಹಿಳೆಯು ಎರೆಹುಳು ಗೊಬ್ಬರದ ವಿಷಯದಲ್ಲಿ ಬಹುಕಾಲ ಸಂಶೋಧನೆ ನಡೆಸಿ, ಕನ್ನಡನಾಡಿನ ರೈತರ ಹಿತ್ತಲುಗಳಿಗೆ ಆ ವಿದ್ಯೆ ಮುಟ್ಟುವಂತೆ ದುಡಿದರು. ಹುಳುವಿನ ಕೆಲಸವು ಹೆಣ್ಣಿಗೆ ತಕ್ಕುದಲ್ಲವೆನ್ನುವವರಿಗೆ ಈ ಒಂದು ಹೆಸರೇ ಸಾಕು.

ಆದರೆ ದೊಡ್ಡವರ ಲೆಕ್ಕವನ್ನು ನಮ್ಮ ಹೊಲಕ್ಕೆ ಹಾಗೆಯೇ ತಂದು ಹಾಕುವುದು ವಿಜ್ಞಾನವಲ್ಲ. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷವೊಂದಕ್ಕೆ ಹತ್ತು ಟನ್ನಿಗೂ ಮೇಲ್ಪಟ್ಟ ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾಯುವುದೆಂದು ಡಾರ್ವಿನ್ನರು ಬರೆದರು. ಅಲ್ಲಿ ವರ್ಷವೆಲ್ಲ ತೇವ. ನಮ್ಮ ಮಲ್ಲಟದ ಸುತ್ತ ಬೇಸಿಗೆಯಲ್ಲಿ ಎರೆಭೂಮಿಯು ಕೈ ತೂರುವಷ್ಟು ಬಿರಿಯುವುದು. ಮಾನವಿ, ಸಿರವಾರಗಳ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳುಂಟು; ದೇವದುರ್ಗದ ಕಡೆ ನಾರಾಯಣಪುರದ ಬಲದಂಡೆ ಕಾಲುವೆಯ ನೀರುಂಟು; ನಡುನಡುವೆ ಮಳೆಯನ್ನೇ ನಂಬಿದ ಜೋಳ, ಹತ್ತಿ, ತೊಗರಿಯ ಹೊಲಗಳುಂಟು. ಎರೆಮಣ್ಣಿನಲ್ಲಿರುವುದರಿಂದಲೇ ಎರೆಹುಳುವೆಂಬ ಹೆಸರು ಬಂದಿತೆಂದು ಪ್ರತಿ ವರ್ಷವೂ ಯಾವಳಾದರೂ ಹುಡುಗಿಯು ಊಹಿಸುವಳು. ಹಾಗಾದರೆ ಕೆಂಪು ಮಸಾರಿಯಲ್ಲಿ ಹುಳುವು ಇರಬಾರದಲ್ಲವೇ ಎನ್ನುತ್ತೇವೆ. ಅವರು ತಮ್ಮ ತಮ್ಮ ಊರಿನ ಹೊಲದಲ್ಲಿ, ಮಳೆಯಾದ ಮರುದಿನ, ಅಡಿ ಉದ್ದ ಅಡಿ ಅಗಲ ಅಡಿ ಆಳದ ಕುಣಿ ತೆಗೆದು ಎಣಿಸಿ ಬರೆದು ತರುವರು. ಕೆಂಪು ಮಣ್ಣಿನಲ್ಲಿಯೂ ಹುಳುವು ಸಿಕ್ಕಿದಾಗ ಅಂದವಾದ ಊಹೆಯೊಂದು ಬಿದ್ದುಹೋಗುವುದು. ಎರೆ ಎಂಬುದಕ್ಕೆ ಮೀನಿನ ಗಾಳಕ್ಕೆ ಸಿಕ್ಕಿಸುವ ಹುಳುವೆಂಬ ಅರ್ಥವೂ ಉಂಟೆಂದು ನಿಘಂಟಿನಲ್ಲಿ ಕಾಣುವರು. ತೇವವೂ ಸಗಣಿಗೊಬ್ಬರವೂ ಇದ್ದ ಕಡೆ ಹುಳು ಹೆಚ್ಚೆಂಬುದನ್ನು ಅವರ ಲೆಕ್ಕದ ಪುಸ್ತಕಗಳೇ ತೋರಿಸುವುವು. ತಮ್ಮ ಊಹೆ ಬಿದ್ದಾಗ ಅಳದೆ ನಗುವುದನ್ನು ಕಲಿತವಳು ಬಾಳಿನಲ್ಲಿ ಬಹಳಷ್ಟನ್ನು ಕಲಿತಂತೆಯೇ.

ಈಗ ತಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ. ಹೇಸಿಗೆಯ ಕೆಲಸವೆಂಬುದು ಮೊದಲನೆಯದು. ಕೈಗಳನ್ನು ಸಾಬೂನಿನಿಂದ ತೊಳೆಯದೆ ಯಾವ ಹುಡುಗಿಯೂ ತರಗತಿಗೆ ಮರಳುವುದಿಲ್ಲ. ಗಾಯವಿದ್ದವಳು ಮಣ್ಣು ಮುಟ್ಟುವುದಿಲ್ಲ, ಲೆಕ್ಕ ಬರೆಯುತ್ತಾಳೆ. ಮೇಲಾಗಿ, ಹೇಸಿಗೆ ಎಂಬ ಭಾವನೆಯಿಂದಲೇ ನಾವು ಎಷ್ಟು ಸಂಗತಿಗಳನ್ನು ನೋಡದೆ ಬಿಟ್ಟಿದ್ದೇವೆ ಎಂಬುದನ್ನು ಯೋಚಿಸಬೇಕು. ರೋಗಿಯ ಗಾಯವನ್ನು ತೊಳೆಯುವ ದಾದಿಯು, ಹೆರಿಗೆ ಮಾಡಿಸುವ ಡಾಕ್ಟರು ಮೂಗು ಮುಚ್ಚಿಕೊಂಡು ನಿಂತರೆ ನಮ್ಮ ಗತಿಯೇನು?

ಎರಡನೆಯದು ಜೀವಕ್ಕೆ ಹಿಂಸೆಯೆಂಬುದು. ಕತ್ತರಿಸಿದರೆ ಹುಳುವು ಎರಡಾಗಿ ಬದುಕುವುದೆಂಬ ಮಾತು ಎಲ್ಲ ಊರುಗಳಲ್ಲಿಯೂ ಇದೆ. ಪರೀಕ್ಷಿಸೋಣವೇ ಎಂದು ಹುಡುಗಿಯರು ಕೇಳುವರು. ಬೇಡವೆನ್ನುತ್ತೇವೆ. ಕೆಲವು ಜಾತಿಗಳಲ್ಲಿ ತಲೆಯ ಭಾಗವು ಕಳೆದುಹೋದ ಬಾಲವನ್ನು ಮತ್ತೆ ಬೆಳೆಸಿಕೊಳ್ಳಬಲ್ಲುದು, ಬಾಲದ ಭಾಗವು ಸಾಮಾನ್ಯವಾಗಿ ಸಾಯುವುದು ಎಂದು ಹಿಂದಿನವರು ನೋಡಿ ಬರೆದಿಟ್ಟಿದ್ದಾರೆ. ಒಬ್ಬರು ತಿಳಿದುದನ್ನು ಇನ್ನೊಬ್ಬರು ಓದಿ ತಿಳಿಯಬಹುದಾದಲ್ಲಿ ಮತ್ತೊಂದು ಜೀವವನ್ನು ನೋಯಿಸುವ ಅಗತ್ಯವಿಲ್ಲ. ತೋಚಿದ ಪ್ರಯೋಗವನ್ನೆಲ್ಲ ಮಾಡಿಬಿಡುವುದು ವಿಜ್ಞಾನವಲ್ಲ; ಯಾವುದನ್ನು ಮಾಡಬಾರದೆಂಬ ವಿವೇಕವೂ ಅದರೊಳಗೇ ಸೇರಿದೆ.

ಮೂರನೆಯದು ಎಸ್.ಎಸ್.ಎಲ್.ಸಿ. ಪರೀಕ್ಷೆ. ಅಂಕಗಳ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬಡ ಮನೆಯ ಹುಡುಗಿಗೆ ಆ ಅಂಕಪಟ್ಟಿಯೇ ಕಾಲೇಜಿನ ಬಾಗಿಲು. ಅದನ್ನು ಹಗುರಮಾಡಿ ಮಾತನಾಡುವ ಹಕ್ಕು ಸಂಬಳ ಪಡೆಯುವ ನನಗಿಲ್ಲ. ಆದುದರಿಂದಲೇ ಈ ಪಾಠವನ್ನು ಹತ್ತನೆಯ ತರಗತಿಗೆ ಒಯ್ಯದೆ ಎಂಟು ಒಂಬತ್ತರಲ್ಲಿಯೇ ಮುಗಿಸುತ್ತೇವೆ. ವಾರದ ಒಂದು ತಾಸಿನಿಂದ ಪಾಠಕ್ರಮಕ್ಕೆ ಕೊರತೆಯಾಗದು. ಕಂಡುದನ್ನು ತನ್ನ ಮಾತಿನಲ್ಲಿ ಬರೆದು ರೂಢಿಯಾದವಳು ಪರೀಕ್ಷೆಯ ಕೋಣೆಯಲ್ಲಿ ಅರಿಯದ ಪ್ರಶ್ನೆ ಬಂದರೆ ಬೆದರಿ ಕೂರುವುದಿಲ್ಲವೆಂಬ ಲಾಭವೂ ಉಂಟು.

ನಾಲ್ಕನೆಯದೇ ಬಲವಾದ ಆಕ್ಷೇಪಣೆ: ಮದುವೆಯಾಗಿ ಮನೆ ನಡೆಸುವವಳಿಗೆ ಇದರಿಂದ ಪ್ರಯೋಜನವೇನು? ಇದಕ್ಕೆ ಉತ್ತರವಾಗಿ ಇನ್ನೊಂದು ಹುಳುವಿನ ಕಥೆಯನ್ನು ಹೇಳಬೇಕಾಗಿದೆ. ನಾರುಹುಣ್ಣಿನ ಹೆಸರನ್ನು ಇಂದಿನ ಮಕ್ಕಳು ಕೇಳಿಲ್ಲ; ಅವರ ಅಜ್ಜಿಯಂದಿರು ಬಲ್ಲರು. ಬಯಲುಸೀಮೆಯ ಹಳ್ಳಿಗಳಲ್ಲಿ ಕಾಲಿನ ಚರ್ಮವನ್ನು ಒಡೆದುಕೊಂಡು ಸುಮಾರು ಒಂದು ಗಜ ಉದ್ದದ ಬಿಳಿಯ ಹುಳುವು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯಬೇಕು. ಕಡಿದುಹೋದರೆ ಹುಣ್ಣು ಕೀವಾಗುವುದು. ಸುಗ್ಗಿಯ ಕಾಲದಲ್ಲಿ ಮನೆಮಂದಿಯೆಲ್ಲ ಮಲಗಿದ ದಿನಗಳುಂಟು. ಇದು ಕರ್ಮಫಲ, ದೇವರ ಮುನಿಸು ಎಂದು ಜನರು ನಂಬಿದ್ದರು. ನೀರು ಕುಡಿದುದಕ್ಕೂ ಹುಳು ಹೊರಬರುವುದಕ್ಕೂ ನಡುವೆ ಸುಮಾರು ಒಂದು ವರ್ಷ ಕಳೆಯುತ್ತಿದ್ದುದರಿಂದ ಕಾರಣವನ್ನು ಊಹಿಸುವುದಾದರೂ ಹೇಗೆ?

ರಷ್ಯದ ಫೆಡ್ಚೆಂಕೊ ಎಂಬವರು 1870ರಲ್ಲಿ ಈ ಹುಳುವಿನ ಮರಿಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ಸಣ್ಣ ಜೀವಿಯೊಳಗೆ ಬೆಳೆಯುವುದನ್ನು ಕಂಡರು. ಹುಣ್ಣುಳ್ಳವರು ಮೆಟ್ಟಿಲುಬಾವಿಗೆ ಇಳಿದಾಗ ಹುಳುವು ಮರಿಗಳನ್ನು ನೀರಿಗೆ ಬಿಡುವುದು. ಸೈಕ್ಲಾಪ್ಸು ಅವನ್ನು ನುಂಗುವುದು. ಆ ನೀರನ್ನು ಕುಡಿದವರಿಗೆ ರೋಗ ತಗಲುವುದು. ನಮ್ಮ ಕನ್ನಡನಾಡಿನಲ್ಲಿಯೇ 1930ರ ದಶಕದಲ್ಲಿ ವಿ. ಎನ್. ಮೂರ್ತಿಯವರು ಆಗಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿದರು. ಸೈಕ್ಲಾಪ್ಸನ್ನು ತಿನ್ನುವ ಮೀನುಗಳನ್ನು ಮೆಟ್ಟಿಲುಬಾವಿಗಳಿಗೆ ಬಿಟ್ಟು ರೋಗವನ್ನು ತಡೆಯುವ ಉಪಾಯವನ್ನು ಅವರೂ ಡಬ್ಲ್ಯು. ಸಿ. ಸ್ವೀಟರೂ 1936ರಲ್ಲಿ ಪ್ರಕಟಿಸಿದರು. ಭಾರತ ಸರ್ಕಾರದ ನಿರ್ಮೂಲನ ಕಾರ್ಯವು 1983–84ರಲ್ಲಿ ಆರಂಭವಾಯಿತು. ಕೊನೆಯ ರೋಗಿಯು ಕಂಡುದು 1996ರಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವು ಈ ರೋಗದಿಂದ ಮುಕ್ತವೆಂದು ಸಾರಿತು.

ಇದರಲ್ಲಿ ಗಮನಿಸಬೇಕಾದುದೊಂದಿದೆ. ಈ ರೋಗಕ್ಕೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ರೋಗವನ್ನು ಓಡಿಸಿದುದು ಬಾವಿಯ ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿ ಮಾಡಿದುದು, ಕೊಳವೆಬಾವಿಯ ನೀರು, ಮತ್ತು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದುದು. ಸೋಸಿದವರು ಯಾರು? ಕೊಡ ಹೊತ್ತು ತಂದ ಹೆಂಗಸರು. ಪಂಡಿತನ ಸೂಕ್ಷ್ಮದರ್ಶಕದಲ್ಲಿ ಕಂಡ ಸತ್ಯವು ಅಡಿಗೆಮನೆಯ ಬಟ್ಟೆಯ ತುಂಡಿನವರೆಗೆ ಬಂದಾಗಲೇ ರೋಗವು ನಾಡನ್ನು ಬಿಟ್ಟಿತು. ಇನ್ನು ಮನೆ ನಡೆಸುವವಳಿಗೆ ವಿಜ್ಞಾನದಿಂದ ಪ್ರಯೋಜನವೇನೆಂದು ಕೇಳಬಹುದೇ?

ಇಂದಿಗೂ ಅದೇ ಮಾತು. ಫೆಬ್ರವರಿ 10ರಂದು ಜಂತುಹುಳು ನಿವಾರಣೆಯ ದಿನವೆಂದು ಶಾಲೆಗಳಲ್ಲಿ ಆಲ್ಬೆಂಡಜೋಲ್ ಗುಳಿಗೆ ಕೊಡುವ ಕ್ರಮವು 2015ರಿಂದ ನಡೆದುಬಂದಿದೆ. ಗುಳಿಗೆಯಿಂದ ಮಕ್ಕಳಿಗೆ ಕೇಡಾಯಿತೆಂಬ ಗಾಳಿಮಾತು ಮೊಬೈಲುಗಳಲ್ಲಿ ಹರಿದಾಡುವುದುಂಟು. ಆಗ ಕೂಡಲೆ ನಂಬಿ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ತಾಯಿಯೂ ಇದ್ದಾಳೆ; “ಎಷ್ಟು ಮಕ್ಕಳಿಗೆ? ನೋಡಿದವರಾರು? ಗುಳಿಗೆ ತೆಗೆದುಕೊಳ್ಳದ ಮಕ್ಕಳ ಗತಿಯೇನು?” ಎಂದು ವಿಚಾರಿಸುವ ತಾಯಿಯೂ ಇದ್ದಾಳೆ. ಹತ್ತಿಯ ಕಾಯಿಗೆ ಹುಳು ಬಿದ್ದಿತೆಂದು ಅಂಗಡಿಯವನು ಹೇಳಿದ ಔಷಧಿಯನ್ನೆಲ್ಲ ಸಾಲ ಮಾಡಿ ತರುವ ಮನೆಯುಂಟು; ಹೊಲದ ಹಲವು ಕಡೆ ಗಿಡಗಳನ್ನು ಹಿಡಿದು ಕಾಯಿ ಬಿಡಿಸಿ ಎಣಿಸಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ, ಆಮೇಲೆ ಕೈ ಹಾಕುವ ಮನೆಯೂ ಉಂಟು. ಇವೆರಡರ ನಡುವಿನ ಅಂತರವು ಐಶ್ವರ್ಯದ್ದಲ್ಲ; ಅಭ್ಯಾಸದ್ದು.

ಕಡೆಯದಾಗಿ, ಬಾಯಿಬಿಟ್ಟು ಹೇಳದಿದ್ದರೂ ಕೆಲವು ಹಿರಿಯರ ಮನಸ್ಸಿನಲ್ಲಿರುವ ಭಯವೊಂದನ್ನು ನಾನು ಬಲ್ಲೆನು. “ಹೇಗೆ ಗೊತ್ತು?” ಎಂದು ಕೇಳಲು ಕಲಿತ ಹುಡುಗಿಯು ನಾಳೆ ಅತ್ತೆಯನ್ನೂ ಮಾವನನ್ನೂ ಹಾಗೆಯೇ ಕೇಳುವಳಲ್ಲವೇ? ಕೇಳಬಹುದು. ವಯಸ್ಸಿಗೆ ಮೊದಲೇ ಮದುವೆಯ ಮಾತೆತ್ತಿದಾಗ, ಹೆಣ್ಣಿಗೆ ಇಷ್ಟು ಓದು ಸಾಕೆಂದಾಗ, “ಸಾಕೆಂದು ಹೇಗೆ ಗೊತ್ತು?” ಎಂದು ಅವಳು ಮೆಲ್ಲಗೆ ಕೇಳಿದರೆ ನಾನು ಸಂತೋಷಪಡುವೆನು. ಆದರೆ ಪ್ರಶ್ನೆಯೂ ಉದ್ಧಟತನವೂ ಒಂದೇ ಅಲ್ಲ. ತನ್ನ ಊಹೆಯು ಒಂದು ಎರೆಹುಳುವಿನ ಮುಂದೆ ಹತ್ತು ಸಲ ಬಿದ್ದುದನ್ನು ಕಂಡವಳು ತನ್ನ ಮಾತೇ ಸರಿಯೆಂದು ಹಟ ಹಿಡಿಯುವುದಿಲ್ಲ. ಇತರರನ್ನು ಪ್ರಶ್ನಿಸುವ ಮೊದಲು ತನ್ನನ್ನು ಪ್ರಶ್ನಿಸಿಕೊಳ್ಳುವುದನ್ನು ಈ ಪಾಠವು ಕಲಿಸುವುದು. ಅಂಥವಳಲ್ಲಿ ವಿನಯವು ತಲೆತಗ್ಗಿಸಿದ ವಿನಯವಲ್ಲ, ತಿಳಿದು ಬಂದ ವಿನಯ.

ಆದುದರಿಂದ ಈ ಪಾಠವನ್ನು ನಿಲ್ಲಿಸಬೇಕೆಂಬ ಸಲಹೆಯನ್ನು ನಾನು ಒಪ್ಪಲಾರೆನು. ಪೋಷಕರಲ್ಲಿ ನನ್ನ ಬಿನ್ನಹವು ಇಷ್ಟೇ: ಮಗಳು ಮನೆಯ ಹಿತ್ತಲಲ್ಲಿ ಒಂದು ಭರಣಿಯನ್ನಿಟ್ಟುಕೊಂಡರೆ ಬಿಸಾಡಬೇಡಿರಿ, ನೆರಳಿನಲ್ಲಿ ಒಂದು ಗೇಣು ಜಾಗ ಕೊಡಿರಿ. ಅವಳು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಒಂದು ಗಳಿಗೆ ತಡೆದು, “ನೋಡಿ ಬಂದು ನೀನೇ ಹೇಳವ್ವಾ” ಎನ್ನಿರಿ. ಹಿಂದಿನ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯಿನಿಯರಾಗಿದ್ದೀರಿ. ಪ್ರಯೋಗಶಾಲೆಯಿಲ್ಲ, ಸಲಕರಣೆಯಿಲ್ಲ ಎಂದು ಬರೆಯುತ್ತೀರಿ. ನಿಮ್ಮ ಶಾಲೆಯ ನೀರಿನ ತೊಟ್ಟಿಯ ಪಕ್ಕದ ಹಸಿಮಣ್ಣನ್ನು ಒಮ್ಮೆ ಕೆದಕಿ ನೋಡಿರಿ. ಸಲಕರಣೆಯು ಅಲ್ಲಿಯೇ ಹರಿದಾಡುತ್ತಿರುವುದು. ಈ ಸಲದ ಮುಂಗಾರಿನಲ್ಲಿ ನಿಮ್ಮ ಊರಿನ ಮಣ್ಣಿನಲ್ಲಿ ನಿಮ್ಮ ಮಕ್ಕಳು ಎಣಿಸಿದ ಲೆಕ್ಕವನ್ನು ನಮ್ಮ ಶಾಲೆಗೆ ಬರೆದು ಕಳುಹಿಸಿದರೆ, ನಮ್ಮ ಹುಡುಗಿಯರು ತಮ್ಮ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡುವರು. ನಿಮ್ಮ ಪತ್ರಗಳಿಗಾಗಿ ಕಾದಿರುತ್ತೇವೆ.

— ಮುಖ್ಯೋಪಾಧ್ಯಾಯಿನಿ